ಕೀಳುವ ಕೈ ಯಾವಾಗ ನಿಲ್ಲಬೇಕು?

ಇಂಗ್ಲೆಂಡಿನಲ್ಲಿ ಹಿತ್ತಲ ಮೂಲೆಯಲ್ಲೊಂದು ರೂಬಾರ್ಬ್ ಬುಡ ಇಟ್ಟುಕೊಂಡವರ ಬಾಯಲ್ಲೆಲ್ಲ ಒಂದೇ ಕಟ್ಟಳೆ. ನೆಟ್ಟ ವರ್ಷ ಒಂದು ದಂಟನ್ನೂ ಮುಟ್ಟಬೇಡಿ. ಎರಡನೇ ವರ್ಷ ನಾಲ್ಕಾರು ದಂಟಿಗೆ ತೃಪ್ತಿಪಡಿ. ಮೂರನೇ ವರ್ಷದಿಂದ ವಸಂತದಲ್ಲಿ ಎಂಟು-ಹತ್ತು ವಾರ ಬೇಕಾದಷ್ಟು ಕೀಳಿ. ಆದರೆ ಬೇಸಿಗೆಯ ನಡುಭಾಗ ಬಂತೆಂದರೆ ಗಿಡದ ತಂಟೆಗೆ ಹೋಗಬೇಡಿ. ಜರ್ಮನಿಯಲ್ಲಿ ಇದಕ್ಕೆ ದಿನವೂ ಗೊತ್ತಾಗಿದೆ: ಜೂನ್ 24, ಸಂತ ಯೋಹಾನನ ಹಬ್ಬ. ಅಂದಿಗೆ ಆಸ್ಪರಾಗಸ್ ಮೊಳಕೆಯ ಕೊಯ್ಲೂ ಮುಗಿಯಿತು, ರೂಬಾರ್ಬಿನದೂ ಮುಗಿಯಿತು. ವಿಚಿತ್ರವೆಂದರೆ ಆ ದಿನಗಳಲ್ಲಿ ಗಿಡ ನೋಡಲು ಅತ್ಯಂತ ಸೊಂಪಾಗಿರುತ್ತದೆ. ಮೊರದಗಲದ ಎಲೆಗಳು, ಹೆಬ್ಬೆರಳಿಗಿಂತ ದಪ್ಪನೆಯ ಕೆಂಪು ದಂಟುಗಳು. ಕೊಡಲು ಇಷ್ಟೊಂದು ಇರುವಾಗಲೇ ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕೆಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಕಟ್ಟಳೆ ಸರಿಯಾಗಿಯೇ ಇದೆ. ಅದಕ್ಕೆ ಜನ ಕೊಡುವ ಕಾರಣಗಳಲ್ಲಿ ಒಂದು ತಪ್ಪು, ಇನ್ನೊಂದು ಅರ್ಧ ಸತ್ಯ. ಗಿಡಕ್ಕೆ ವಿಶ್ರಾಂತಿ ಬೇಕು ಎಂಬುದು ಆ ಅರ್ಧ ಸತ್ಯ. ಜುಲೈ, ಆಗಸ್ಟ್ ತಿಂಗಳಲ್ಲಿ ರೂಬಾರ್ಬ್ ವಿಶ್ರಮಿಸುತ್ತಿರುವುದಿಲ್ಲ. ವರ್ಷದಲ್ಲೇ ಅತಿ ಹೆಚ್ಚು ದುಡಿಯುತ್ತಿರುತ್ತದೆ. ಅದು ಮಲಗುವುದು ಚಳಿಗಾಲದಲ್ಲಿ. ನಾವು ಕೈ ತಡೆಯುವ ಬಿಡುವು ಒಂದು, ಗಿಡ ತಾನಾಗಿ ತೆಗೆದುಕೊಳ್ಳುವ ಬಿಡುವು ಇನ್ನೊಂದು. ಎರಡರ ಕೆಲಸ ಬೇರೆ, ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುವುದಿಲ್ಲ. ಈ ಅಧ್ಯಾಯದ ವಾದ ಇಷ್ಟೇ.

ಮೊದಲು ಗಿಡದ ಪರಿಚಯ. ಪೈ, ಜಾಮ್‌ಗಳಲ್ಲಿ ಹಣ್ಣಿನ ಪಾತ್ರ ವಹಿಸುವ ರೂಬಾರ್ಬ್ ನಿಜಕ್ಕೂ ಒಂದು ತರಕಾರಿ. ತಿನ್ನುವ ಭಾಗ ಕಾಂಡವಲ್ಲ, ಎಲೆಯ ತೊಟ್ಟು. ಆದ್ದರಿಂದ ಒಂದು ದಂಟು ಕಿತ್ತರೆ ಒಂದು ಎಲೆ ಹೋಯಿತು ಎಂದೇ ಲೆಕ್ಕ. ಎಲೆಯನ್ನು ಉಳಿಸಿ ದಂಟನ್ನು ಮಾತ್ರ ಪಡೆಯುವ ದಾರಿಯಿಲ್ಲ. ನೆಲದ ಕೆಳಗೆ ದಪ್ಪನೆಯ ಬುಡಗಡ್ಡೆ, ಅದರಿಂದಿಳಿದ ತಿರುಳುಬೇರುಗಳು. ಚಳಿಗಾಲದಲ್ಲಿ ಮೇಲಿನದೆಲ್ಲ ಸತ್ತು ಕೊಳೆತರೂ ಈ ಗಡ್ಡೆ ಬದುಕಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಹಿಂದೆ ನೆಲದಡಿ ಜೋಳ ತುಂಬಿಡುತ್ತಿದ್ದ ಹಗೇವಿನಂತೆ ಗಿಡ ತನ್ನ ಪಿಷ್ಟ, ಸಕ್ಕರೆಗಳನ್ನೆಲ್ಲ ಅಲ್ಲಿ ಕೂಡಿಟ್ಟಿರುತ್ತದೆ. ಮಾರ್ಚ್ ತಿಂಗಳಲ್ಲಿ ಮೊದಲ ಮೊಗ್ಗು ಬಿರಿದು ಎಲೆ ಮೇಲೇಳುವಾಗ ಬಿಸಿಲಿನಿಂದ ಅದಕ್ಕೆ ಇನ್ನೂ ಏನೂ ಸಿಕ್ಕಿರುವುದಿಲ್ಲ. ಅದರ ಮೈಯೆಲ್ಲ ಕಳೆದ ವರ್ಷದ ದಾಸ್ತಾನಿನಿಂದ ಕಟ್ಟಿದ್ದು. ಎಳೆಯ ಎಲೆ ಹುಟ್ಟಿದ ದಿನದಿಂದಲೇ ಸಂಪಾದಿಸುತ್ತದೆ ಎಂದುಕೊಂಡರೆ ತಪ್ಪು. ಸಸ್ಯವಿಜ್ಞಾನಿಗಳು ಹಲವು ಜಾತಿಯ ಗಿಡಗಳಲ್ಲಿ ಕಂಡಂತೆ, ಎಲೆ ತನ್ನ ಪೂರ್ಣ ಅಗಲದ ಮೂರನೆಯ ಒಂದರಿಂದ ಅರ್ಧದಷ್ಟು ಬೆಳೆಯುವವರೆಗೂ ಗಿಡದಿಂದ ಸಕ್ಕರೆ ಪಡೆಯುತ್ತಲೇ ಇರುತ್ತದೆ. ಆಮೇಲಷ್ಟೇ ಅದು ಕೊಡುವ ಪಕ್ಷಕ್ಕೆ ಸೇರುತ್ತದೆ. ನಮಗೆ ರುಚಿಸುವ ಎಳೆ ದಂಟನ್ನು ಕೀಳುವ ಹೊತ್ತಿಗೆ ಗಿಡ ಅದರ ಮೇಲೆ ಹೂಡಿದ್ದು ಹೆಚ್ಚು, ಹಿಂದಕ್ಕೆ ಪಡೆದದ್ದು ಅತ್ಯಲ್ಪ. ಕಿತ್ತ ಜಾಗದಲ್ಲಿ ಇನ್ನೊಂದು ಎಲೆ ಎದ್ದರೆ ಅದೂ ಅದೇ ದಾಸ್ತಾನಿನಿಂದಲೇ ಏಳಬೇಕು.

ಇದು ಊಹೆಯಲ್ಲ ಎನ್ನುವುದಕ್ಕೆ ಅತ್ಯುತ್ತಮ ಸಾಕ್ಷ್ಯ ಇರುವುದು ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ. ವೇಕ್‌ಫೀಲ್ಡ್, ಮೋರ್ಲಿ, ರಾಥ್‌ವೆಲ್ ಊರುಗಳ ನಡುವಿನ ಸುಮಾರು 9 ಚದರ ಮೈಲಿಯ ನೆಲಕ್ಕೆ ರೂಬಾರ್ಬ್ ತ್ರಿಕೋನ ಎಂದೇ ಹೆಸರು. ಅಲ್ಲಿ ಜನವರಿಯಿಂದ ಮಾರ್ಚ್‌ವರೆಗೆ, ಹೊರಗೆ ಹಿಮ ಬಿದ್ದಿರುವಾಗ, ಕಿಟಕಿಗಳಿಲ್ಲದ ತಗ್ಗು ಕೊಟ್ಟಿಗೆಗಳೊಳಗೆ ಬೆಚ್ಚಗಿನ ಕತ್ತಲಲ್ಲಿ ರೂಬಾರ್ಬ್ ಬೆಳೆಯುತ್ತಾರೆ. ಕತ್ತಲಲ್ಲಿ ಗಡ್ಡೆ ಚಿಗುರಿಸಿದರೆ ದಂಟು ಮೃದುವಾಗಿ, ಹುಳಿ ಕಡಿಮೆಯಾಗಿ ಬರುತ್ತದೆ ಎಂಬುದು ತಿಳಿದದ್ದು 1810ರ ದಶಕದಲ್ಲಿ, ಲಂಡನ್ನಿನ ಚೆಲ್ಸಿ ಔಷಧಿವನದಲ್ಲಿ, ಕೆಲಸಗಾರರು ಅರಿಯದೆ ಗಡ್ಡೆಗಳ ಮೇಲೆ ಮಣ್ಣು ಸುರಿದಿದ್ದರಿಂದ ಎನ್ನುತ್ತಾರೆ. 1877ರಲ್ಲಿ ಲೀಡ್ಸ್ ಬಳಿಯ ವಿಟ್‌ವೆಲ್ ಮನೆತನ ಇದಕ್ಕೆಂದೇ ಕೊಟ್ಟಿಗೆ ಕಟ್ಟಿತು. ಕೊಟ್ಟಿಗೆ ಬೆಚ್ಚಗಿಡಲು ಅಗ್ಗದ ಕಲ್ಲಿದ್ದಲು, ಗೊಬ್ಬರಕ್ಕೆ ನೂಲಿನ ಗಿರಣಿಗಳ ಸಾರಜನಕ ತುಂಬಿದ ಉಣ್ಣೆಕಸ, ಪೆನ್ನೈನ್ ಬೆಟ್ಟಗಳ ಬುಡದ ಕೊರೆಯುವ ಚಳಿ, ಮೂರೂ ಅಲ್ಲೇ ಇದ್ದವು. ಬ್ರಿಟನ್ 1874ರಲ್ಲಿ ಸಕ್ಕರೆ ಸುಂಕವನ್ನು ತೆಗೆದುಹಾಕಿದ್ದರಿಂದ ಇಷ್ಟು ಹುಳಿಯಾದ ಪದಾರ್ಥವನ್ನು ಬಡವರೂ ಸಿಹಿ ಮಾಡಿಕೊಂಡು ತಿನ್ನುವಂತಾಗಿತ್ತು. 1962ರವರೆಗೆ ಕ್ರಿಸ್‌ಮಸ್‌ನಿಂದ ಈಸ್ಟರ್‌ವರೆಗಿನ ದಿನಗಳಲ್ಲಿ ಯಾರ್ಕ್‌ಶೈರ್‌ನಿಂದ ಲಂಡನ್ನಿಗೆ ಇದನ್ನು ಹೊತ್ತೊಯ್ಯಲೆಂದೇ ರೈಲು ಓಡುತ್ತಿತ್ತು. 2010ರಲ್ಲಿ ಈ ಬೆಳೆಗೆ ಯುರೋಪಿನ ಸ್ಥಳನಾಮ ಸಂರಕ್ಷಣೆಯೂ ದೊರೆಯಿತು. ದಂಟು ಕೀಳುವುದು ಇಂದಿಗೂ ಮೇಣದಬತ್ತಿಯ ಬೆಳಕಿನಲ್ಲಿ. ಹೆಚ್ಚು ಬೆಳಕು ಬಿದ್ದರೆ ಎಲೆ ಹಸಿರಾಗಿ ದಂಟು ಗಡುಸಾಗುತ್ತದೆ.

ಈ ಕೊಟ್ಟಿಗೆಗಳನ್ನು ವಿಜ್ಞಾನದ ಕಣ್ಣಿನಿಂದ ನೋಡಬೇಕು. ಬೆಳಕಿಲ್ಲ, ಆದ್ದರಿಂದ ದ್ಯುತಿಸಂಶ್ಲೇಷಣೆಯಿಲ್ಲ. ಅಲ್ಲಿ ಬೆಳೆದ ಒಂದೊಂದು ಇಂಚು ದಂಟಿನ ಸಕ್ಕರೆಯೂ ಬೇರಿನೊಳಗೆ ಮೊದಲೇ ಇದ್ದದ್ದು. ಮೇವಿನ ಬೆಳೆಗಳ ಸಂಶೋಧಕರು ಬೇರಿನ ದಾಸ್ತಾನು ಎಷ್ಟಿದೆಯೆಂದು ತಿಳಿಯಲು ಗಿಡವನ್ನು ಕತ್ತಲಲ್ಲಿಟ್ಟು, ಬಂದ ಬಿಳಿಚು ಚಿಗುರನ್ನು ತೂಗಿ ನೋಡುತ್ತಾರೆ. ಯಾರ್ಕ್‌ಶೈರ್‌ನ ಬೆಳೆಗಾರರು ಮಾಡುವುದೂ ಅದನ್ನೇ, ಮಾರಾಟಕ್ಕಾಗಿ. ಅವರ ಕ್ರಮ ಕೇಳಿ: ಗಡ್ಡೆಯನ್ನು ಬಯಲಲ್ಲಿ ನೆಟ್ಟು ಎರಡು ಬೇಸಿಗೆ ಒಂದೇ ಒಂದು ದಂಟನ್ನೂ ಕೀಳದೆ ಬಿಡುತ್ತಾರೆ. ಎರಡನೆಯ ವರ್ಷದ ಚಳಿ ಬಿದ್ದ ಮೇಲೆ ಗಡ್ಡೆ ಕಿತ್ತು ಕೊಟ್ಟಿಗೆಗೆ ತರುತ್ತಾರೆ. ಕೆಲವು ವಾರ ದಂಟು ಕೀಳುತ್ತಾರೆ. ಕೊನೆಗೆ ಬರಿದಾದ ಗಡ್ಡೆಯನ್ನು ಮರಳಿ ನೆಡದೆ ಗೊಬ್ಬರಕ್ಕೆ ಹಾಕುತ್ತಾರೆ. ಇಲ್ಲಿ ಒಂದು ಆಕ್ಷೇಪ ಎದುರಾಗುತ್ತದೆ. ವೃತ್ತಿನಿರತರೇ ಗಿಡವನ್ನು ಪೂರ್ತಿ ಹಿಂಡಿ ಲಾಭ ಮಾಡಿಕೊಳ್ಳುವಾಗ ಹಿತ್ತಲಿನವರಿಗೆ ಮಾತ್ರ ಈ ಮಡಿವಂತಿಕೆ ಯಾಕೆ? ಯಾಕೆಂದರೆ ವೃತ್ತಿನಿರತರು ಹಿತ್ತಲಿನವರಿಗಿಂತ ದೊಡ್ಡ ಸಂಯಮವನ್ನು ಮುಂಗಡವಾಗಿಯೇ ಪಾಲಿಸಿದ್ದಾರೆ. ಎರಡು ಬೇಸಿಗೆಯ ಪೂರ್ಣ ಗಳಿಕೆಗೆ ಒಂದೇ ಚಳಿಗಾಲದ ಕೊಯ್ಲು. ಹಿತ್ತಲಿನ ಗಿಡ ಮುಂದಿನ ವರ್ಷವೂ ಬೇಕು, ಅದರ ಮುಂದಿನ ವರ್ಷವೂ ಬೇಕು ಎನ್ನುವವರು ಆ ಗಳಿಕೆಯನ್ನು ಪ್ರತಿ ವರ್ಷ ಕಂತಿನಲ್ಲಿ ಬಿಟ್ಟುಕೊಡಬೇಕಾಗುತ್ತದೆ. ಕೊಟ್ಟಿಗೆಯ ಪದ್ಧತಿ ಕಟ್ಟಳೆಗೆ ಅಪವಾದವಲ್ಲ. ಬೇರಿನ ದಾಸ್ತಾನು ಮುಗಿದರೆ ಗಿಡ ಏನಾಗುತ್ತದೆಂದು ಅದು ಬಿಚ್ಚಿ ತೋರಿಸುತ್ತದೆ.

ಒಂದೇ ಬೆಳೆಯ ಸಾಕ್ಷ್ಯ ಸಾಲದು ಎನ್ನುವವರು ನಮ್ಮ ಹೊಲಗಳ ಕಡೆಗೇ ತಿರುಗಬಹುದು. ಹಸು ಸಾಕುವವರು ಬೆಳೆಯುವ ಕುದುರೆ ಮಸಾಲೆ ಸೊಪ್ಪನ್ನು ಪದೇ ಪದೇ ಎಳೆಯದಾಗಿಯೇ ಕೊಯ್ದರೆ ಬೇರು ಸೊರಗಿ, ಚಿಗುರು ತಡವಾಗಿ, ಮಡಿಯಲ್ಲಿ ಬುಡಗಳೇ ಕಡಿಮೆಯಾಗುತ್ತವೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಗ್ರೇಬರ್ ಮತ್ತು ಸಂಗಡಿಗರು 1927ರಷ್ಟು ಹಿಂದೆಯೇ ಇದನ್ನು ಬೇರಿನಲ್ಲಿ ಕೂಡಿಟ್ಟ ಆಹಾರಕ್ಕೆ ಜೋಡಿಸಿ ತೋರಿಸಿದರು. ಅಲ್ಲಲ್ಲಿ ಹೂ ಕಾಣಿಸಿದ ಮೇಲೆ ಕೊಯ್ಯಿರಿ ಎಂಬ ಸಲಹೆಯ ಹಿಂದಿರುವುದು ಈ ತಿಳಿವಳಿಕೆಯೇ. ದಕ್ಷಿಣ ಭಾರತದ ಚಹಾ ತೋಟಗಳಲ್ಲಿ ಗಿಡ ಸವರುವ ಮುನ್ನ ಕೆಲವು ವಾರ ಚಿಗುರು ಕೀಳುವುದನ್ನು ನಿಲ್ಲಿಸುವುದುಂಟು. ಬೇರಿನ ತುಂಡಿಗೆ ಅಯೋಡಿನ್ ಹಚ್ಚಿ, ಅದು ನೀಲಿಗಪ್ಪಾಗಿ ಪಿಷ್ಟ ಸಾಕಷ್ಟಿದೆಯೆಂದು ಹೇಳಿದ ಮೇಲೆಯೇ ಕತ್ತಿ ಹಾಕುತ್ತಾರೆ. ಪಿಷ್ಟ ಕಡಿಮೆಯೆಂಬ ಅಳುಕಿದ್ದರೆ ಒಂದೆರಡು ಕೊಂಬೆಗಳನ್ನು ಎಲೆ ಸಮೇತ ಉಳಿಸುವ ರೂಢಿಯೂ ಇದೆ. ಆಸ್ಪರಾಗಸ್ ವಿಷಯದಲ್ಲಿ ನ್ಯೂಜಿಲೆಂಡಿನವರು ಇನ್ನೊಂದು ಹೆಜ್ಜೆ ಮುಂದಿಟ್ಟರು: ಬೇರಿನ ರಸ ಹಿಂಡಿ, ವಕ್ರೀಭವನಮಾಪಕದಲ್ಲಿ ಸಕ್ಕರೆಯ ಅಂಶ ನೋಡಿ, ಕೊಯ್ಲು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ನಿರ್ಧರಿಸುವ ವ್ಯವಸ್ಥೆಯನ್ನೇ ರೂಪಿಸಿದರು. ಇದೇ ತತ್ತ್ವವನ್ನು ತಿರುಗಿಸಿ ಬಳಸುವವರೂ ಇದ್ದಾರೆ. ಹೊಲದಲ್ಲಿ ಜೇಕು ಹತ್ತಿದಾಗ, ತಲೆ ಎತ್ತಿದಂತೆಲ್ಲ ಸವರುತ್ತಲೇ ಇರಬೇಕೆಂದು ರೈತರು ಹೇಳುವುದು ಗಡ್ಡೆಯೊಳಗಿನದು ಖಾಲಿಯಾಗಲಿ ಎಂದೇ. ಬೇಸಿಗೆಯುದ್ದಕ್ಕೂ ರೂಬಾರ್ಬ್ ಕೀಳುವವರು ತಮಗರಿವಿಲ್ಲದೆ ತಮ್ಮ ಗಿಡವನ್ನು ಕಳೆಯಂತೆ ನಡೆಸಿಕೊಳ್ಳುತ್ತಿರುತ್ತಾರೆ.

ಈಗ ಆ ತಪ್ಪು ಕಾರಣ. ಜೂನ್ ಕಳೆದ ಮೇಲೆ ದಂಟಿನಲ್ಲಿ ವಿಷ ಏರುತ್ತದೆ, ಅದಕ್ಕೇ ಕೀಳಬಾರದು ಎಂದು ಯುರೋಪಿನಲ್ಲಿ ಬಹಳ ಜನ ನಂಬುತ್ತಾರೆ. ವಿಷವೆಂದರೆ ಆಕ್ಸಾಲಿಕ್ ಆಮ್ಲ. ಎಲೆಯ ಮಟ್ಟಿಗೆ ಭಯ ಸಕಾರಣ: ಮೊದಲ ಮಹಾಯುದ್ಧದ ಆಹಾರ ಅಭಾವದಲ್ಲಿ ಬ್ರಿಟನ್ನಿನಲ್ಲಿ ರೂಬಾರ್ಬ್ ಎಲೆಯನ್ನು ಸೊಪ್ಪಿನಂತೆ ಬೇಯಿಸಿ ತಿನ್ನಲು ಸಲಹೆ ಮಾಡಿ, ಜನ ಕಾಯಿಲೆ ಬಿದ್ದದ್ದೂ ಸತ್ತದ್ದೂ ವರದಿಯಾಗಿದೆ. ಎಲೆ ತಿನ್ನಬಾರದು, ಎರಡು ಮಾತಿಲ್ಲ. ದಂಟಿನ ವಿಷಯ ಬೇರೆ. ವಯಸ್ಸಾದಂತೆ ಅದರ ಹುಳಿ ಏರಬಹುದು, ನಾರು ಹೆಚ್ಚುತ್ತದೆ, ರುಚಿ ಕೆಡುತ್ತದೆ. ಆದರೆ ಆಗಸ್ಟಿನ ದಂಟು ತಿಂದವರು ವಿಷವೇರಿ ಮಲಗುವುದಿಲ್ಲ. ನಾವು ದಿನವೂ ತಿನ್ನುವ ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟು ರೂಬಾರ್ಬ್ ದಂಟಿನಲ್ಲಿರುವುದಕ್ಕಿಂತ ಕಡಿಮೆಯೇನಿಲ್ಲ. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆಯಿರುವವರು ಎರಡನ್ನೂ ಮಿತಿಯಲ್ಲಿಡಬೇಕು, ಅದು ಏಪ್ರಿಲ್ಲಿಗೂ ಒಂದೇ ಆಗಸ್ಟಿಗೂ ಒಂದೇ. ಗಡಸು ಹಿಮಕ್ಕೆ ಸಿಕ್ಕಿ ಬಾಡಿ ಮೆತ್ತಗಾದ ದಂಟನ್ನು ಮಾತ್ರ ಬಿಸಾಡುವುದು ಲೇಸು. ಸತ್ತ ಎಲೆಯಿಂದ ಆಮ್ಲ ದಂಟಿಗಿಳಿಯಬಹುದು. ಆದರೆ ವಿಷದ ವಾದವನ್ನು ನಿಲ್ಲಿಸಿಬಿಡಲು ರಸಾಯನಶಾಸ್ತ್ರವೂ ಬೇಕಿಲ್ಲ. ಜೂನ್ 24ರಂದೇ ಕೊಯ್ಲು ನಿಲ್ಲಿಸುವ ಆಸ್ಪರಾಗಸ್‌ಗೆ ಇಂಥ ಅಪವಾದ ಯಾರೂ ಹೊರಿಸಿಲ್ಲ. ಎರಡು ಬೇರೆ ಬೇರೆ ಕುಲದ ಗಿಡಗಳಿಗೆ ಒಂದೇ ಗಡುವು ಇದೆಯೆಂದರೆ ಅವೆರಡಕ್ಕೂ ಸಮಾನವಾದದ್ದರಲ್ಲಿ ಕಾರಣ ಹುಡುಕಬೇಕು. ಸಮಾನವಾಗಿರುವುದು ಬೇರಿನ ದಾಸ್ತಾನು, ಮತ್ತು ಆ ಅಕ್ಷಾಂಶದ ಬಿಸಿಲು. ಯಾರ್ಕ್‌ಶೈರ್‌ನಲ್ಲಿ ಜೂನ್ ಕೊನೆಯ ಹಗಲು ಸುಮಾರು 17 ಗಂಟೆಯದು, ಡಿಸೆಂಬರಿನದು ಏಳೂವರೆ ಗಂಟೆ. ಜೂನ್ ಕಳೆದ ಮೇಲೆ ಪ್ರತಿ ವಾರ ಗಳಿಕೆಯ ಸಮಯ ಕುಗ್ಗುತ್ತ ಹೋಗುತ್ತದೆ, ಅಕ್ಟೋಬರ್-ನವೆಂಬರಿಗೆ ಹಿಮ ಬಂದು ಎಲೆಗಳನ್ನು ಮಲಗಿಸುತ್ತದೆ. ತುಂಬಿಕೊಳ್ಳಲು ಗಿಡಕ್ಕೆ ಸಿಗುವುದು ಮೂರು ಚಿಲ್ಲರೆ ತಿಂಗಳು.

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ. ಸೆಪ್ಟೆಂಬರಿನವರೆಗೂ ಕೀಳುವ ಮನೆಗಳಿವೆ, ಅವರ ಗಿಡ ವರ್ಷಾನುಗಟ್ಟಲೆ ಬದುಕಿದೆ. ‘ಲಿವಿಂಗ್‌ಸ್ಟನ್’ ಎಂಬ ತಳಿಯನ್ನು ಶರತ್ಕಾಲದ ಕೊಯ್ಲಿಗೆಂದೇ ಮಾರುತ್ತಾರೆ. ‘ಗ್ಲಾಸ್‌ಕಿನ್ಸ್ ಪರ್ಪೆಚುವಲ್’ ಎಂಬ ಹಳೆಯ ತಳಿಗೆ ಅದರ ಹೆಸರಿನಲ್ಲೇ ಸದಾಕಾಲದ ಭರವಸೆಯಿದೆ. ಹಾಗಿದ್ದರೆ ಕಟ್ಟಳೆ ಎಲ್ಲಿ ನಿಂತಿತು? ತಾರೀಖಿನ ಮೇಲೆ ನಿಂತಿಲ್ಲ ಎನ್ನುವುದನ್ನು ಒಪ್ಪಲೇಬೇಕು. ತಾರೀಖು ಒಂದು ಅಂದಾಜು ಮಾತ್ರ. ಬೇರನ್ನು ಬಗೆದು ನೋಡಲಾಗದವರಿಗೆ ಹಿರಿಯರು ಕೊಟ್ಟ ಸುಲಭದ ಗುರುತು. ಲೆಕ್ಕಕ್ಕೆ ಬರುವುದು ವರ್ಷದಲ್ಲಿ ಒಟ್ಟು ಎಷ್ಟು ಎಲೆ ಹೋಯಿತು, ಎಷ್ಟು ಎಲೆ ಎಷ್ಟು ದಿನ ಬಿಸಿಲುಂಡಿತು ಎಂಬುದು. ದೊಡ್ಡ ಬುಡದಿಂದ ವಾರಕ್ಕೆರಡು ದಂಟು ಕಿತ್ತು, ಸದಾ ಅರ್ಧಕ್ಕಿಂತ ಹೆಚ್ಚು ಎಲೆ ಉಳಿಸುವವರು ಸೆಪ್ಟೆಂಬರಿನಲ್ಲೂ ತಪ್ಪು ಮಾಡುತ್ತಿಲ್ಲ. ಎಳೆಯ ಬುಡವನ್ನು ಮೇ ತಿಂಗಳಲ್ಲೇ ಬೋಳಿಸಿದವರು ಕಟ್ಟಳೆಯನ್ನು ಅಕ್ಷರಶಃ ಪಾಲಿಸಿಯೂ ಗಿಡವನ್ನು ಕೆಡಿಸಿದ್ದಾರೆ. ಶರತ್ಕಾಲದ ತಳಿಯನ್ನು ವಸಂತದಲ್ಲಿ ಮುಟ್ಟದೆ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ಎರಡೂ ಹಂಗಾಮಿನಲ್ಲಿ ಕಿತ್ತರೆ ಸರಿಹೋಗುವುದಿಲ್ಲ. ಇನ್ನು, ಏನೂ ಆಗಲಿಲ್ಲ ಎನ್ನುವವರ ಸಾಕ್ಷ್ಯದಲ್ಲಿ ಒಂದು ದೋಷವಿದೆ. ಈ ವರ್ಷ ಅತಿಯಾಗಿ ಕಿತ್ತದ್ದರ ಫಲ ಈ ವರ್ಷ ಕಾಣುವುದಿಲ್ಲ. ಮುಂದಿನ ವಸಂತದಲ್ಲಿ ದಂಟು ಸಣಕಲಾಗಿ ಬಂದಾಗ ಮನೆಯವರು ಚಳಿಯನ್ನು ದೂರುತ್ತಾರೆ, ಗೊಬ್ಬರವನ್ನು ದೂರುತ್ತಾರೆ. ಹತ್ತು ತಿಂಗಳ ಹಿಂದಿನ ತಮ್ಮ ಕೈಯನ್ನು ದೂರುವುದಿಲ್ಲ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಒಂದು ಚಳಿಗಾಲ ಬಂದು ಕೂತರೆ ಅನುಭವ ಒಳ್ಳೆಯ ಗುರುವಾಗಿ ಉಳಿಯುವುದಿಲ್ಲ. ಹಾಗಾಗಿಯೇ ಇಂಥ ಕಡೆ ಒರಟಾದ ಕಟ್ಟಳೆಗೂ ಬೆಲೆಯಿದೆ ಎಂದು ನನ್ನ ತೀರ್ಮಾನ.

ಎರಡನೆಯ ಬಿಡುವಿಗೆ ಬರೋಣ. ಎಲೆಗಳು ಸತ್ತ ಮೇಲೆ ತುಂಬಿದ ಗಡ್ಡೆಯನ್ನು ತಕ್ಷಣ ಕಿತ್ತು ಬೆಚ್ಚಗಿನ ಕೊಟ್ಟಿಗೆಯಲ್ಲಿಟ್ಟರೆ ಅದು ಸರಿಯಾಗಿ ಚಿಗುರುವುದಿಲ್ಲ. ದಾಸ್ತಾನಿದೆ, ನೀರಿದೆ, ಬಿಸಿಯಿದೆ; ಆದರೂ ಮೊಗ್ಗು ಏಳಲು ಒಲ್ಲದು. ಅದಕ್ಕೆ ಇಂತಿಷ್ಟು ಚಳಿ ಉಣ್ಣಿಸಲೇಬೇಕು. ಇಂಗ್ಲೆಂಡಿನ ಬೆಳೆಗಾರರು ಇದನ್ನು ಅಂಕಗಳಲ್ಲಿ ಎಣಿಸುತ್ತಾರೆ: ಬೆಳಿಗ್ಗೆ ಮಣ್ಣಿನ ತಾಪಮಾನ ನೋಡಿ, ಸುಮಾರು 9 ಡಿಗ್ರಿ ಸೆಲ್ಸಿಯಸ್‌ಗಿಂತ ಎಷ್ಟು ಡಿಗ್ರಿ ಕೆಳಗಿದೆಯೋ ಅಷ್ಟು ಅಂಕ. ದಿನದ ಅಂಕಗಳು ಕೂಡುತ್ತ ಹೋಗುತ್ತವೆ. ‘ಟಿಂಪರ್ಲಿ ಅರ್ಲಿ’ ತಳಿಗೆ ಕಡಿಮೆ ಅಂಕ ಸಾಕು, ಅದಕ್ಕೇ ಅದು ಮೊದಲು ಕೊಟ್ಟಿಗೆ ಸೇರುತ್ತದೆ. 1837ರಲ್ಲಿ ಜೋಸೆಫ್ ಮಯಟ್ ಎಂಬ ತೋಟಗಾರ ಹೊಸ ರಾಣಿಯ ಹೆಸರಿಟ್ಟು ಮಾರಿದ ‘ವಿಕ್ಟೋರಿಯ’ ತಳಿಗೆ ಹೆಚ್ಚು ಬೇಕು. ಚಳಿಗಾಲ ಬೆಚ್ಚಗಾದ ವರ್ಷ ಇಡೀ ತ್ರಿಕೋನದ ಹಂಗಾಮು ತಡವಾಗುತ್ತದೆ. ಈ ಚಳಿಯ ಕೆಲಸ ದಾಸ್ತಾನು ಕೂಡಿಡುವುದಲ್ಲ, ಮೊಗ್ಗಿನ ಬೀಗ ತೆಗೆಯುವುದು. ಹೀಗೆನ್ನಲು ಆಧಾರ ಒದಗಿಸಿದ್ದು ಜಿಬ್ಬರೆಲಿನ್ ಎಂಬ ಸಸ್ಯ ಹಾರ್ಮೋನು. ಚಳಿ ಪೂರ್ತಿಯಾಗದ ಗಡ್ಡೆಯ ಮೊಗ್ಗುಗಳ ಮೇಲೆ ಜಿಬ್ಬರೆಲಿಕ್ ಆಮ್ಲ ಹಾಕಿದರೆ ಚಳಿಯ ಕೊರತೆ ಒಂದಷ್ಟು ನೀಗಿ ಅದು ಚಿಗುರುತ್ತದೆ. ಆದರೆ ಸೊರಗಿದ ಗಡ್ಡೆಗೆ ಎಷ್ಟು ಹಾರ್ಮೋನು ಸುರಿದರೂ ಇಲ್ಲದ ಪಿಷ್ಟ ಹುಟ್ಟುವುದಿಲ್ಲ. ಬೇಸಿಗೆಯಲ್ಲಿ ಬರಿದಾದ ಗಿಡವನ್ನು ಚಳಿಗಾಲ ಸುಧಾರಿಸುತ್ತದೆ ಎಂಬ ಸಮಾಧಾನ ಅಲ್ಲಿಗೆ ಮುಗಿಯಿತು. ನಿದ್ದೆಯಲ್ಲೂ ಗಡ್ಡೆ ಉಸಿರಾಡುತ್ತದೆ, ಸ್ವಲ್ಪ ಖರ್ಚನ್ನೇ ಮಾಡುತ್ತದೆ.

ಹೀಗೆ ನೋಡಿದರೆ ಬೆಳೆಗಾರರ ಸಣ್ಣಪುಟ್ಟ ಪದ್ಧತಿಗಳೂ ಅರ್ಥವಾಗುತ್ತವೆ. ಹೂದಂಟು ಕಂಡೊಡನೆ ಬುಡದಿಂದ ತೆಗೆಯುತ್ತಾರೆ, ಯಾಕೆಂದರೆ ಬೀಜ ಕಟ್ಟುವುದು ದುಬಾರಿ ಬಾಬ್ತು, ಅದರ ಪಾಲು ಬೇರಿಗೆ ಹೋಗಲಿ ಎಂದು. ದಂಟನ್ನು ಚಾಕುವಿನಿಂದ ಕತ್ತರಿಸದೆ ಬುಡದಲ್ಲಿ ಹಿಡಿದು ತಿರುಚಿ ಎಳೆಯುತ್ತಾರೆ; ಕತ್ತರಿಸಿದ ಮೋಟು ಕೊಳೆತರೆ ಕೊಳೆ ಗಡ್ಡೆಗಿಳಿಯುತ್ತದೆ. ಐದಾರು ವರ್ಷಕ್ಕೊಮ್ಮೆ, ಗಿಡ ಮಲಗಿರುವಾಗ, ಗಡ್ಡೆಯನ್ನು ಅಗೆದು ಒಂದೊಂದು ಮೊಗ್ಗಿರುವಂತೆ ಹೋಳು ಮಾಡಿ ಬೇರೆಡೆ ನೆಡುತ್ತಾರೆ. ಆ ಹೋಳುಗಳಿಗೆ ಮತ್ತೆ ಮೊದಲ ವರ್ಷದ ನಿಯಮವೇ, ಮುಟ್ಟುವಂತಿಲ್ಲ. ಇಲ್ಲೊಂದು ಮಾತು ಸೇರಿಸಬೇಕು. ಜಗತ್ತು ರೂಬಾರ್ಬನ್ನು ಮೊದಲು ಅರಿತದ್ದು ದಂಟಿನಿಂದಲ್ಲ, ಬೇರಿನಿಂದ. ದಂಟನ್ನು ಜನ ಇಷ್ಟಪಟ್ಟು ತಿನ್ನತೊಡಗುವುದಕ್ಕೆ ಶತಮಾನಗಳ ಮೊದಲೇ ಇದರ ಸಂಬಂಧಿ ಜಾತಿಗಳ ಒಣಬೇರು ಭೇದಿಯ ಔಷಧಿಯಾಗಿ ಚೀನಾದಿಂದ ಯುರೋಪಿಗೆ ಹೋಗುತ್ತಿತ್ತು. ನಮ್ಮ ಗ್ರಂಧಿಗೆ ಅಂಗಡಿಗಳ ರೇವಲ್ಚಿನ್ನಿಯೂ ಆ ಬಳಗದ ಬೇರೇ. ಹಿಮಾಲಯದಲ್ಲಿ ಆ ಜಾತಿಗಳನ್ನು ಕಾಡಿನಿಂದ ಅಗೆಯುವವರಿಗೆ ಕೈ ತಡೆಯುವ ತಾರೀಖು ಹೇಳಿ ಪ್ರಯೋಜನವಿಲ್ಲ. ಅಗೆದರೆ ಎಲೆಯೂ ಹೋಯಿತು, ದಾಸ್ತಾನೂ ಹೋಯಿತು, ಮೊಗ್ಗೂ ಹೋಯಿತು. ಅಲ್ಲಿ ಮಾಡಬೇಕಾದ್ದು ಕೃಷಿ.

ಬ್ರಿಟನ್ನಿನಲ್ಲೋ ಉತ್ತರ ಅಮೆರಿಕದ ಚಳಿ ರಾಜ್ಯಗಳಲ್ಲೋ ಮನೆ ಮಾಡಿರುವ ಕನ್ನಡಿಗರಿಗೆ ಹಿತ್ತಲಿನ ಜೊತೆಗೆ ಹಿಂದಿನವರು ಬಿಟ್ಟುಹೋದ ರೂಬಾರ್ಬ್ ಬುಡವೂ ಸಿಕ್ಕಿದ್ದರೆ, ಕ್ಯಾಲೆಂಡರಿಗಿಂತ ಗಿಡವನ್ನು ನೋಡಿ ನಡೆಯಿರಿ: ಯಾವಾಗಲೂ ಅರ್ಧದಷ್ಟು ಎಲೆ ಉಳಿದಿರಲಿ, ಹೊಸ ದಂಟು ಹಳೆಯದಕ್ಕಿಂತ ಸಣ್ಣದಾಗಿ ಬರತೊಡಗಿದ ದಿನ ನಿಲ್ಲಿಸಿ, ಅನುಮಾನವಿದ್ದರೆ ಜೂನ್ ಕೊನೆಯ ಹಳೆಯ ಗಡುವನ್ನೇ ಪಾಲಿಸಿ. ಅಲ್ಲಿಂದ ಗಡ್ಡೆ ತಂದು ಬೆಂಗಳೂರಿನ ಕುಂಡದಲ್ಲಿಡುವ ಆಸೆಯಿದ್ದರೆ ಮಾತ್ರ ಎರಡನೆಯ ಬಿಡುವನ್ನು ನೆನೆಯಬೇಕು. ಕೈ ತಡೆಯುವುದು ನಿಮ್ಮಿಂದಾದೀತು, ಚಳಿ ಒದಗಿಸುವುದು ಆಗದು. ಬೆಂಗಳೂರಿನ ದಾಖಲೆಯ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯ ಒಂದು ದಿನ. ಇಲ್ಲಿನ ಮಣ್ಣು ವಾರಗಟ್ಟಲೆ 9 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಫ್ಲಾರಿಡಾದಂಥ ಬಿಸಿ ನಾಡುಗಳಲ್ಲಿ ಇದನ್ನು ಬೀಜದಿಂದ ಒಂದೇ ಹಂಗಾಮಿನ ಬೆಳೆಯಾಗಿ ಬೆಳೆದು ಕಿತ್ತು ಮುಗಿಸುತ್ತಾರೆ. ಅಷ್ಟು ಪಾಡು ಬೇಡವೆನ್ನುವವರಿಗೆ ರೂಬಾರ್ಬಿನ ಕುಟುಂಬಕ್ಕೇ ಸೇರಿದ, ಅದೇ ಬಗೆಯ ಹುಳಿಯ ಚುಕ್ಕೆ ಸೊಪ್ಪು ನಮ್ಮ ಸಂತೆಗಳಲ್ಲಿ ಕಟ್ಟಿನ ಲೆಕ್ಕದಲ್ಲಿ ಸಿಗುತ್ತದೆ.